ಶನಿವಾರದ ತಪ್ಪಿನ ತಾಸು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದಕ್ಕಿಂತ ದೊಡ್ಡ ರೋಗವೆಂದರೆ ನಾನು ಹೇಳಿದ್ದೇ ಸರಿ ಎನ್ನುವ ಹಟ. ಇವೆರಡನ್ನೂ ಹೊತ್ತುಕೊಂಡು, ಹೆಸರಿನ ಹಿಂದೆ ಎರಡು ಡಿಗ್ರಿಗಳ ಬಾಲ ಕಟ್ಟಿಕೊಂಡು, ಎಪ್ಪತ್ತರ ದಶಕದ ಕೊನೆಯ ಒಂದು ಜೂನ್ ತಿಂಗಳಲ್ಲಿ ಬೆಳಗಾವಿಯಿಂದ ಖಾನಾಪುರದ ಒಂದು ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಹೋದೆ. ಆಗ ನನಗೆ ಇಪ್ಪತ್ಮೂರು ವರ್ಷ. ಖಾನಾಪುರದ ಮಕ್ಕಳಿಗೆ ಏನೇನು ಗೊತ್ತಿಲ್ಲ ಎಂಬುದರ ಪಟ್ಟಿ ರೈಲು ದೇಸೂರು ದಾಟುವ ಮೊದಲೇ ನನ್ನ ತಲೆಯಲ್ಲಿ ತಯಾರಾಗಿತ್ತು.

ನಮ್ಮದು ವ್ಯಾಪಾರದ ಮನೆ. ರವಿವಾರ ಪೇಟೆಯಲ್ಲಿ ಅಪ್ಪನ ಅಕ್ಕಿ ಕಾಳಿನ ಅಂಗಡಿ. ಮಳೆಗಾಲದಲ್ಲಿ ಚೀಲಕ್ಕೆ ನೀರು ತಗುಲಿ ಕಾಳು ಮೊಳೆತರೆ ಆ ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಮೊಳೆತ ಕಾಳೆಂದರೆ ಕೆಟ್ಟ ಕಾಳು ಎಂದೇ ತಿಳಿದು ಬೆಳೆದವಳು ನಾನು. ಅಕ್ಕಿಯ ನಾಲ್ಕು ಜಾತಿಗಳನ್ನು ಕಣ್ಣು ಮುಚ್ಚಿ ವಾಸನೆಯಿಂದಲೇ ಹೇಳುತ್ತಿದ್ದೆ. ಭತ್ತವನ್ನು ಮಾತ್ರ ಕೈಯಲ್ಲಿ ಹಿಡಿದು ನೋಡಿದವಳಲ್ಲ.

ಖಾನಾಪುರದಲ್ಲಿ ಶಾಲೆಯ ಹಿಂದಿನ ಓಣಿಯಲ್ಲಿ ಒಬ್ಬ ಅಜ್ಜಿಯ ಮನೆಯ ಪಡಸಾಲೆಗೆ ಹೊಂದಿದ ಕೋಣೆ ಬಾಡಿಗೆಗೆ ಸಿಕ್ಕಿತು. ಅಜ್ಜಿಗೆ ಊರ ಹೊರಗೆ ಎರಡು ಗದ್ದೆ. ಅರ್ಧ ಮಾತು ಕನ್ನಡ, ಅರ್ಧ ಮರಾಠಿ, ನಗುವುದು ಎರಡರಲ್ಲೂ. ಸೋಮವಾರ ಬೆಳಿಗ್ಗೆ ನಾನು ರೈಲಿಳಿದು ಶಾಲೆಗೆ ಬಂದರೆ, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮತ್ತೆ ಬೆಳಗಾವಿಗೆ ಹೊರಡುತ್ತಿದ್ದೆ.

ನನ್ನ ಪಾಲಿಗೆ ಬಂದದ್ದು ಎಂಟನೆಯ ಇಯತ್ತೆ; ಆ ತರಗತಿಗೆ ವಿಜ್ಞಾನದ ಜೊತೆ ಗಣಿತ, ಭೂಗೋಳವನ್ನೂ ನಾನೇ ಕಲಿಸಬೇಕಿತ್ತು. ಮುಂದಿನ ಬೆಂಚುಗಳಲ್ಲಿ ಪೇಟೆಯ ಅಂಗಡಿಕಾರರ, ಕಚೇರಿಯವರ ಮಕ್ಕಳು. ಹಿಂದೆ ಜಾಂಬೋಟಿ ರಸ್ತೆಯ ಹಳ್ಳಿಗಳಿಂದ ನಡೆದು ಬರುವವರು. ಅವರು ಕಂಬಳಿಯ ಕೊಪ್ಪೆಗಳನ್ನು ಬಾಗಿಲ ಬಳಿ ಸಾಲಾಗಿ ನೇತುಹಾಕಿ, ತಲೆಯ ನೀರು ಒರೆಸಿಕೊಳ್ಳುತ್ತ ಕೂರುತ್ತಿದ್ದರು. ಆ ಹಳ್ಳಿಯವರಲ್ಲಿ ಒಬ್ಬ ಹುಡುಗಿಯಿದ್ದಳು. ತೆಳ್ಳಗೆ ಉದ್ದಕ್ಕಿದ್ದು, ಎರಡು ಜಡೆಯನ್ನು ಮಡಚಿ ಕಟ್ಟಿಕೊಂಡು ಬರುತ್ತಿದ್ದಳು. ಅವಳ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಗೋಡೆಯ ಮೇಲಿನ ಹಲ್ಲಿ ಯಾಕೆ ಬೀಳುವುದಿಲ್ಲ, ಎಮ್ಮೆಯ ಹಾಲಿಗಿಂತ ಆಕಳ ಹಾಲು ಯಾಕೆ ಹಳದಿ, ಮಿಂಚುಹುಳಕ್ಕೆ ಮೈ ಸುಡುವುದಿಲ್ಲವೇ. ಉತ್ತರ ಗೊತ್ತಿದ್ದರೆ ಹೇಳುತ್ತಿದ್ದೆ. ಗೊತ್ತಿಲ್ಲದಿದ್ದರೆ, "ಅದು ಮುಂದಿನ ಇಯತ್ತೆಯೊಳಗ ಬರತದ, ಕುಂದರು" ಎನ್ನುತ್ತಿದ್ದೆ. ಹೀಗೆ ನಾನು ಮುಂದಿನ ಇಯತ್ತೆಗೆ ದೂಡಿದ ಪ್ರಶ್ನೆಗಳನ್ನು ಲೆಕ್ಕ ಹಾಕಿದರೆ ಆ ಇಯತ್ತೆಯ ಮಾಸ್ತರರು ರಾಜೀನಾಮೆ ಕೊಡಬೇಕಿತ್ತು.

ಜೂನ್ ಕೊನೆಗೆ ಬೀಜ ಮೊಳೆಯುವ ಪಾಠ ಬಂತು. ಒಂದು ಪಟ್ಟಿಗೆ ಮೂರು ಅವರೆ ಬೀಜ ಕಟ್ಟಿ ಗ್ಲಾಸಿನಲ್ಲಿ ನಿಲ್ಲಿಸುವುದು, ಒಂದು ನೀರಿನ ಮೇಲೆ, ಒಂದು ಅರ್ಧ ನೀರಿನಲ್ಲಿ, ಒಂದು ಪೂರ್ತಿ ಮುಳುಗಿ. ನಡುವಿನದು ಮಾತ್ರ ಮೊಳೆಯುತ್ತದೆ. ಪ್ರಯೋಗವನ್ನು ಮಾಡಿ ತೋರಿಸಬೇಕೆಂದು ಪುಸ್ತಕದಲ್ಲಿ ಬರೆದಿತ್ತು. ಗಾಜಿನ ಪಾತ್ರೆಗಳು ಹೆಡ್‌ಮಾಸ್ತರರ ಕಪಾಟಿನಲ್ಲಿದ್ದವು, ಕಪಾಟಿನ ಕೀಲಿ ಅವರ ಮನೆಯಲ್ಲಿತ್ತು. ನಾನು ಬೋರ್ಡಿನ ಮೇಲೆ ಮೂರು ಬಣ್ಣದ ಖಡುವಿನಲ್ಲಿ ಚಂದದ ಚಿತ್ರ ತೆಗೆದು, ಕೆಳಗೆ ದೊಡ್ಡದಾಗಿ ಬರೆದೆ: ನೀರಿನಲ್ಲಿ ಪೂರ್ತಿ ಮುಳುಗಿದ ಬೀಜ ಗಾಳಿ ಸಿಗದೆ ಮೊಳೆಯುವುದಿಲ್ಲ. ಎಲ್ಲರೂ ಬರೆದುಕೊಂಡರು. ಅವಳೂ ಬರೆದುಕೊಂಡಳು, ಆದರೆ ಹುಬ್ಬು ಗಂಟಿಕ್ಕಿದ್ದಳು.

ಜುಲೈನ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಕೇಳಿದೆ, ಎರಡು ಮಾರ್ಕ್ಸಿಗೆ: ಪೂರ್ತಿ ಮುಳುಗಿದ ಬೀಜ ಏನಾಗುತ್ತದೆ? ಅವಳು ಹೀಗೆ ಬರೆದಿದ್ದಳು: "ಯಾವ ಬೀಜ ಎಂದು ಹೇಳಿಲ್ಲ. ಅವರೆಯಾದರೆ ಕೊಳೆಯುತ್ತದೆ. ಭತ್ತವಾದರೆ ಮುಳುಗಿದರೂ ಮೊಳೆಯುತ್ತದೆ. ನಾನು ನೋಡಿದ್ದೇನೆ."

ನನಗೆ ಆ ಕೊನೆಯ ಮಾತು ಮೈ ಉರಿಸಿತು. ಕೆಂಪು ಮಸಿಯಲ್ಲಿ ಉದ್ದಕ್ಕೊಂದು ಗೀಟು ಎಳೆದೆ. ಅಷ್ಟಕ್ಕೆ ಬಿಟ್ಟಿದ್ದರೆ ಇಂದು ಇದನ್ನು ಬರೆಯುವ ಕಾರಣವೇ ಇರುತ್ತಿರಲಿಲ್ಲ. ಪೇಪರು ಹಂಚುವಾಗ ಅವಳನ್ನು ಎಬ್ಬಿಸಿ ನಿಲ್ಲಿಸಿ, ಉತ್ತರವನ್ನು ರಾಗವಾಗಿ ಓದಿದೆ. "ನೋಡ್ಯಾರಂತ್ರೀ ಇವರು! ಪುಸ್ತಕ ಬರದೋರಿಗೆ ಗೊತ್ತಿಲ್ಲ, ನನಗ ಗೊತ್ತಿಲ್ಲ, ಇವರಿಗೆ ಗೊತ್ತದ!" ಎಂದೆ. ಮುಂದಿನ ಬೆಂಚುಗಳು ನಕ್ಕವು. ಹಿಂದಿನ ಬೆಂಚುಗಳಲ್ಲಿ ಒಬ್ಬರೂ ನಗಲಿಲ್ಲ. ಅವಳು ಪೇಪರು ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ಪಾಟಿಚೀಲದೊಳಗೆ ಇಟ್ಟು ಕುಳಿತಳು.

ಮರುದಿನದಿಂದ ಅವಳು ಬಾಯಿ ಬಿಡಲಿಲ್ಲ. ಕರೆದು ಕೇಳಿದರೆ ಎದ್ದು ನಿಂತು, ಪುಸ್ತಕದಲ್ಲಿದ್ದಷ್ಟನ್ನೇ ಒಪ್ಪಿಸಿ ಕೂರುತ್ತಿದ್ದಳು. ಅವಳ ಹಿಂದೆಯೇ ಉಳಿದ ಹಳ್ಳಿಯ ಮಕ್ಕಳೂ ಮೂಕರಾದರು. ಮೊದಲ ಎರಡು ದಿನ ನಾನು ತರಗತಿಗೆ ಶಿಸ್ತು ಬಂತೆಂದು ಬೀಗಿದೆ. ಮೂರನೆಯ ದಿನಕ್ಕೆ ಬೇಸರವಾಯಿತು. ವಾರವಾಗುವಷ್ಟರಲ್ಲಿ ಪಾಠ ಹೇಳುವುದೆಂದರೆ ಗೋಡೆಗೆ ಹೇಳಿದಂತಾಗಿ, ರಾತ್ರಿ ಊಟವೂ ರುಚಿಸದಾಯಿತು. ಒಂದು ಮಾತು ಮಾತ್ರ ನನಗೆ ಸ್ಪಷ್ಟವಾಗಿತ್ತು: ಆ ಹುಡುಗಿ ನನ್ನ ಮುಂದೆ ಮತ್ತೆ ಬಾಯಿ ತೆರೆಯದಿದ್ದರೆ ನಾನು ಈ ನೌಕರಿ ಮಾಡುವುದರಲ್ಲಿ ಅರ್ಥವಿಲ್ಲ. ಆದರೂ ತಪ್ಪು ಅವಳದೇ ಎಂದುಕೊಂಡಿದ್ದೆ.

ಆ ವರ್ಷ ಅಜ್ಜಿಯ ಮೊದಲ ಸಸಿಮಡಿ ಮಳೆಗೆ ಕೊಚ್ಚಿಹೋಗಿತ್ತು. ಆಕೆ ಮತ್ತೆ ಬೀಜದ ಭತ್ತ ನೆನೆಹಾಕಿದ್ದಳು. ಜೊಳ್ಳು ತೇಲಿಸಿ ತೆಗೆದು, ಗಟ್ಟಿ ಕಾಳನ್ನು ಗೋಣಿಚೀಲಕ್ಕೆ ತುಂಬಿ, ಉಳಿದ ಒಂದು ಹಿಡಿಯನ್ನು ಬಚ್ಚಲ ಬಳಿಯ ತಪ್ಪೇಲಿಯಲ್ಲೇ ಮರೆತಿದ್ದಳು. ಒಂದು ಮುಂಜಾನೆ ಮುಖ ತೊಳೆಯಲು ಬಗ್ಗಿದವಳು ತಪ್ಪೇಲಿಯೊಳಗೆ ನೋಡಿದೆ. ನಾಲ್ಕು ಬೆರಳು ನೀರು. ತಳದಲ್ಲಿ ಭತ್ತ. ಒಂದೊಂದು ಕಾಳಿನ ತಲೆಯಿಂದಲೂ ಬೆಳ್ಳಗೆ ಸೂಜಿಯಂತೆ ಮೊಳಕೆ ಎದ್ದಿತ್ತು.

ಖರೇ ಹೇಳುತ್ತೇನೆ, ನನಗೆ ಮೊದಲು ಸಿಟ್ಟು ಬಂದದ್ದು ತಪ್ಪೇಲಿಯ ಮೇಲೆ. ಕೈ ಹಾಕಿ ಒಂದು ಕಾಳು ಮೇಲೆತ್ತಿ, ಬೆಳಕಿಗೆ ಹಿಡಿದು, ಮತ್ತೆ ನೀರಿಗೆ ಹಾಕಿ, ಅಜ್ಜಿಯನ್ನು ಕೂಗಿದೆ.

"ಅಜ್ಜೀ, ಇದು ನೀರಾಗ ಮುಳುಗೇ ಇತ್ತೇನು? ಯಾರೂ ಮ್ಯಾಲ ತಗದಿರಲಿಲ್ಲ?"

"ಅಗ ಬಾಯಿ! ಮರತ ಬಿಟ್ಟಿದ್ದೆ ನೋಡು. ಮೂರು ದಿವಸ ಆತು."

"ಮುಳುಗಿದ್ರೂ ಮೊಳಕಿ ಬರತಾವ?"

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಭತ್ತಕ್ಕ ನೀರು ಅಂದ್ರ ತವರುಮನಿ, ತಂಗಿ. ನೀ ಸಾಲಿ ಕಲಸಾಕಿ, ನಿನಗ ಇಷ್ಟೂ ಗೊತ್ತಿಲ್ಲ?"

ಶಾಲೆಗೆ ಹೋದವಳೇ ಹೆಡ್‌ಮಾಸ್ತರರ ಮುಂದೆ ನಿಂತೆ. ಅವರು ನಿವೃತ್ತಿಗೆ ಹತ್ತಿರವಾದ, ಧೋತರ ಉಟ್ಟು ಕರಿ ಟೊಪ್ಪಿಗೆ ಹಾಕುವ, ಒಳ್ಳೆಯ ಮನಸ್ಸಿನ ಹಿರಿಯರು. ಎಲ್ಲವನ್ನೂ ಹೇಳಿದೆ. ಅವರು ನಶ್ಯದ ಡಬ್ಬಿಯನ್ನು ಎರಡು ಸಲ ತಟ್ಟಿದರು.

"ನೋಡ್ರಿ ಬಾಯಿಯವರ, ಹುಡುಗರ ಮುಂದ ಒಮ್ಮಿ ತಪ್ಪಂತ ಒಪ್ಪಿಕೊಂಡ್ರ ಹಿಡಿತ ಹೋತು ಅಂತ ತಿಳೀರಿ. ಸುಮ್ಮ ಪೇಪರ್ ಇಸಗೊಂಡು ಎರಡು ಮಾರ್ಕ್ಸ್ ಹಾಕಿ ಕೊಟ್ಟುಬಿಡ್ರಿ. ಹುಡುಗಿಗೂ ಖುಷಿ, ನಿಮಗೂ ಸುಖ."

ಆ ಸಲಹೆ ನನಗೆ ಬಲು ಹಿಡಿಸಿತು. ಮಾರ್ಕ್ಸ್ ಕೂಡಿಸಿದ್ದನ್ನು ಮತ್ತೆ ನೋಡಬೇಕು ಎಂದು ನೆವ ಹೇಳಿ ಎಲ್ಲರ ಪೇಪರು ಕೇಳಿ ಪಡೆದೆ. ಅವಳ ಪೇಪರಿನ ಕೆಂಪು ಗೀಟಿನ ಮೇಲೆ ದಪ್ಪಗೆ ಸರಿ ಗುರುತು ಹಾಕಿ, ಹದಿನೇಳನ್ನು ಹತ್ತೊಂಬತ್ತು ಮಾಡಿ, ಮರುದಿನ ಹಂಚಿದೆ. ಮನಸ್ಸು ಹಗುರಾಯಿತು. ಎಷ್ಟು ಹಗುರವೆಂದರೆ ಬೋರ್ಡು ಒರೆಸುತ್ತ ಸಣ್ಣಗೆ ಹಾಡು ಗುನುಗುತ್ತಿದ್ದೆ.

ತಿರುಗಿ ನೋಡಿದರೆ ಅವಳು ಮೇಜಿನ ಹತ್ತಿರ ನಿಂತಿದ್ದಳು, ಕೈಯಲ್ಲಿ ಪೇಪರು.

"ಅಕ್ಕೋರ, ನನಗ ಎರಡು ಮಾರ್ಕ್ಸ್ ಹೆಚ್ಚಿಗಿ ಬಿದ್ದಾವ್ರಿ."

ಹತ್ತು ದಿನಗಳ ಮೇಲೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

"ಇರಲಿ ಬಿಡು," ಎಂದೆ ಮೆಲ್ಲಗೆ.

"ಬ್ಯಾಡ್ರಿ, ತಗೀರಿ. ಇದು ತಪ್ಪಂತ ನೀವ ಹೇಳಿದ್ರೆಲ್ಲರಿ, ಎಲ್ಲಾರ ಮುಂದ. ಈಗ ಇವು ಎಲ್ಲಿಂದ ಬಂದ್ವು ಅಂತ ಯಾರರ ಕೇಳಿದ್ರ ನಾ ಏನ ಹೇಳ್ಲಿ?"

ಅವಳಿಗೆ ಕೋಪವಿರಲಿಲ್ಲ, ಕುಹಕವೂ ಇರಲಿಲ್ಲ. ತನ್ನದಲ್ಲದ್ದನ್ನು ತಂದು ಮರಳಿ ಕೊಡುತ್ತಿದ್ದಳು, ಅಷ್ಟೆ. ನಾನು ಎಲ್ಲರೆದುರು ಕಸಿದದ್ದನ್ನು ಗುಟ್ಟಾಗಿ ಚೀಲಕ್ಕೆ ಹಾಕಿ ಕಳಿಸಲು ನೋಡಿದ್ದೆ. ಅದು ಹೊಳೆದು ನನಗೇ ನಾಚಿಕೆಯಾಯಿತು.

"ಇಲ್ಲೇ ನಿಂದರು," ಎಂದು ಅವಳಿಗೆ ಹೇಳಿ, ತರಗತಿಯ ಕಡೆ ತಿರುಗಿದೆ. ಆದರೂ ನನ್ನ ಹಟ ಅಷ್ಟು ಸುಲಭಕ್ಕೆ ಬಿಟ್ಟು ಹೋಗುವಂಥದ್ದಲ್ಲ. ಗಂಟಲು ಸರಿಮಾಡಿಕೊಂಡು, "ವಿಜ್ಞಾನದಲ್ಲಿ ಕೆಲವು ವಿಷಯಗಳು ಪಠ್ಯಪುಸ್ತಕದಲ್ಲಿ ಸಂಕ್ಷಿಪ್ತವಾಗಿ ಬಂದಿರುತ್ತವೆ" ಎಂದು ಭಾಷಣ ಶುರುಮಾಡಿದೆ. ಮಕ್ಕಳು ಮಿಕಿಮಿಕಿ ನೋಡಿದರು. ಅವಳು ಪಕ್ಕದಿಂದಲೇ ಕೇಳಿದಳು:

"ಅಂದ್ರ ತಪ್ಪು ಪುಸ್ತಕದ್ದೇನ್ರಿ?"

ಪುಸ್ತಕ ನನ್ನ ಕೈಯಲ್ಲೇ ತೆರೆದಿತ್ತು. ಪುಸ್ತಕದಲ್ಲಿ ಅವರೆ ಬೀಜ ಎಂದೇ ಇತ್ತು. ಎಲ್ಲ ಬೀಜಕ್ಕೂ ಹೊಂದುವಂತೆ ಬೋರ್ಡಿನ ಮೇಲೆ ಬರೆದವಳು ನಾನು.

"ಪುಸ್ತಕದ್ದಲ್ಲ. ನಂದು," ಎಂದೆ. "ನೀರಾಗ ಮುಳುಗಿದ ಭತ್ತ ಮೊಳಿತದ. ನಿನ್ನೆ ನಾನ ಕಣ್ಣಿಂದ ನೋಡೀನಿ. ಇಕಿ ಬರದಿದ್ದು ಖರೇ, ನಾ ಹೇಳಿದ್ದು ತಪ್ಪು. ಮತ್ತ ಇಕಿನ್ನ ಎಬ್ಬಿಸಿ ನಿಲ್ಲಿಸಿ ನಗಸಿದ್ನೆಲ್ಲಾ, ಅದು ಇನ್ನೂ ದೊಡ್ಡ ತಪ್ಪು. ನನಗ ಕೆಟ್ಟ ಅನ್ನಿಸೇತಿ."

ತಲೆಯ ಮೇಲಿನ ಮಾಡು ಕುಸಿದು ಬೀಳುತ್ತದೆಂದು ಕಾದೆ. ಹೆಡ್‌ಮಾಸ್ತರರು ಹೇಳಿದ ಹಿಡಿತ ಕೈಯಿಂದ ಜಾರುವ ಸದ್ದಿಗೆ ಕಿವಿಗೊಟ್ಟೆ. ಕೇಳಿಸಿದ್ದು ಹಿಂದಿನ ಬೆಂಚಿನ ಒಂದು ದನಿ, "ನಮ್ಮ ಮನ್ಯಾಗೂ ಹಂಗ ಮೊಳಿತಾವ್ರಿ ಅಕ್ಕೋರ!" ಅದರ ಬೆನ್ನಿಗೇ ಇನ್ನೊಂದು. ಒಬ್ಬರ ಮನೆಯಲ್ಲಿ ಗೋಣಿಯ ಮೇಲೆ ಕಲ್ಲು ಹೇರುತ್ತಾರೆ, ಇನ್ನೊಬ್ಬರ ಮನೆಯಲ್ಲಿ ತೇಗದ ಎಲೆ ಹೊಚ್ಚುತ್ತಾರೆ, ಮತ್ತೊಬ್ಬರ ಅಜ್ಜ ಗೋಣಿಯೊಳಗೆ ಕೈ ಹಾಕಿ ಬಿಸಿ ನೋಡಿಯೇ ದಿನ ಹೇಳುತ್ತಾನೆ. ಗದ್ದೆಯನ್ನೇ ಕಾಣದ ಮುಂದಿನ ಬೆಂಚಿನವರು ಬಾಯಿ ಬಿಟ್ಟು ಹಿಂದಕ್ಕೆ ತಿರುಗಿ ಕುಳಿತಿದ್ದರು. ಗದ್ದಲಕ್ಕೆ ಬಾಜು ತರಗತಿಯ ಮಾಸ್ತರರು ಬಾಗಿಲಿಗೆ ಬಂದು ಇಣುಕಿ ಹೋದರು.

"ಅವರೆ ಕೊಳೀತದ, ಭತ್ತ ಮೊಳಿತದ, ಯಾಕ್ರಿ?" ಎಂದು ಅವಳು ಕೇಳಿದಳು.

ಮುಂದಿನ ಇಯತ್ತೆ ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ನನಗೂ ಗೊತ್ತಿಲ್ಲ," ಎಂದೆ. ಆ ಮಾತು ಹೊರಬಿದ್ದಾಗ ಆದಷ್ಟು ಸುಖ ಎರಡು ಡಿಗ್ರಿ ಕೈಗೆ ಬಂದಾಗಲೂ ಆಗಿರಲಿಲ್ಲ.

ಮರುದಿನದಿಂದ ನಮ್ಮ ತರಗತಿಯ ಕಿಟಕಿಕಟ್ಟೆ ತುಂಬಿಹೋಯಿತು. ಔಷಧಿಯ ಬಾಟಲಿ, ಒಡಕು ಗ್ಲಾಸು, ಉಪ್ಪಿನಕಾಯಿಯ ಭರಣಿ. ಒಂದರಲ್ಲಿ ಭತ್ತ, ಒಂದರಲ್ಲಿ ಅವರೆ, ಒಂದರಲ್ಲಿ ಜೋಳ, ಒಂದರಲ್ಲಿ ಹೆಸರು. ಎಲ್ಲಕ್ಕೂ ನಾಲ್ಕು ಬೆರಳು ನೀರು. ಐದನೆಯ ದಿನಕ್ಕೆ ಹೆಸರು, ಅವರೆ ನಾರತೊಡಗಿದವು. ಹೆಡ್‌ಮಾಸ್ತರರು ಧೋತರದ ಚುಂಗನ್ನು ಮೂಗಿಗೆ ಹಿಡಿದು ಬಂದು, "ಏನ್ರಿ ಇದು ಹೊಲಸು ವಾಸನಿ?" ಎಂದರೆ ಮಕ್ಕಳೆಲ್ಲ ಒಟ್ಟಾಗಿ, "ವಿಜ್ಞಾನ್ರೀ ಸರ್!" ಎಂದು ಕೂಗಿದರು. ಅವರು ಬಂದ ದಾರಿಯಲ್ಲೇ ಹೋದರು. ಹಿಡಿತ ಹೋಯಿತೇ ಎಂದು ಮುಂದೆಂದೂ ಕೇಳಲಿಲ್ಲ.

ಭತ್ತದ ಗ್ಲಾಸನ್ನು ಅವಳು ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದಳು. ಒಂದು ದಿನ ನನ್ನನ್ನು ಕರೆದು ತೋರಿಸಿದಳು. "ನೋಡ್ರಿ, ಬೇರು ಇನ್ನೂ ಬಂದಿಲ್ಲ. ಮೊದಲ ಮ್ಯಾಲ ಹೊಂಟೇತಿ. ಉಸರಾಡಾಕ ಹೊಂಟೇತಿ ಅನಸ್ತದ್ರಿ." ಬಗ್ಗಿ ನೋಡಿದೆ. ನಿಜ. ಅಜ್ಜಿಯ ಗೋಣಿಯಲ್ಲಿ ನಾನು ಕಂಡಿದ್ದ ಮೊಳೆತ ಕಾಳಿಗೆ ಬೇರೂ ಇತ್ತು; ನೀರಿನ ತಳದ ಕಾಳು ಬೇರಿನ ಗೊಡವೆಗೆ ಹೋಗದೆ ಬಿಳಿಯ ಎಳೆಯೊಂದನ್ನು ನೀರಿನ ಮೇಲ್ಮೈಯತ್ತ ಚಾಚಿತ್ತು. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

"ಹಂಗಾದ್ರ ಬೀಜಕ್ಕ ಗಾಳಿ ಬೇಕು ಅಂತ ನೀವು ಹೇಳಿದ್ದು ಖರೇ ಐತ್ರಿ," ಎಂದಳು ಯೋಚಿಸುತ್ತ. "ನಿಮಗ ಎರಡು ಮಾರ್ಕ್ಸಿನಾಗ ಒಂದು ಕೊಡಬಹುದ್ರಿ." ಇಡೀ ತರಗತಿ ನಕ್ಕಿತು. ನಾನೂ ಕಿಟಕಿ ಹಿಡಿದುಕೊಂಡು ನಕ್ಕೆ.

ಹೀಗೆ ಹುಟ್ಟಿತು ನಮ್ಮ ತಪ್ಪಿನ ತಾಸು. ಶನಿವಾರದ ಕೊನೆಯ ತಾಸಿನಲ್ಲಿ ಆ ವಾರ ನಾನು ಮಾಡಿದ ತಪ್ಪುಗಳನ್ನು ಬೋರ್ಡಿನ ಮೇಲೆ ಬರೆಯುವುದು, ಪ್ರತಿಯೊಂದರ ಎದುರು ಅದು ಹೇಗಾಯಿತು ಎಂದು ಹೇಳುವುದು. ಮಲಪ್ರಭೆಯ ನಕಾಶೆಯಲ್ಲಿ ಉತ್ತರ ದಕ್ಷಿಣ ಅದಲುಬದಲು. ಗಲಾಟೆ ಮಾಡಿದವರನ್ನು ಬಿಟ್ಟು ಪಕ್ಕದವರಿಗೆ ಬೈದದ್ದು. ಅವಸರದಲ್ಲಿ ಗಣಿತದ ಒಂದು ಮೆಟ್ಟಿಲು ಹಾರಿದ್ದು. ಮಕ್ಕಳು ನನ್ನ ತಪ್ಪುಗಳನ್ನು ವಹಿಯ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡು, ನಾನು ಮರೆತದ್ದನ್ನು ನೆನಪಿಸುತ್ತಿದ್ದರು. ಅವುಗಳನ್ನು ಸಾಲಾಗಿ ನೋಡಿದಾಗ ನನಗೆ ನನ್ನ ಚಾಳಿ ತಿಳಿಯಿತು. ಕಣ್ಣಾರೆ ಕಾಣದ್ದನ್ನು ಹೇಳುವಾಗಲೇ ನನ್ನ ದನಿ ಹೆಚ್ಚು ಜೋರಾಗುತ್ತಿತ್ತು. ಅಂದಿನಿಂದ ಹೊಸ ಪಾಠ ಶುರುಮಾಡುವ ಮೊದಲು, "ಇದನ್ನ ಯಾರು ಯಾರು ಕಂಡೀರಿ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ನನ್ನ ಅರ್ಧ ಪಾಠ ಅಲ್ಲಿಯೇ ಮುಗಿಯುತ್ತಿತ್ತು.

ಬೆಳಗಾವಿಯಲ್ಲಿ ಅಪ್ಪನಿಗೂ ಇದು ಮೋಜಾಯಿತು. ಶನಿವಾರ ನಾನು ಅಂಗಡಿಯ ಮೆಟ್ಟಿಲು ಹತ್ತುವಾಗಲೇ, ಗಿರಾಕಿಗಳ ನಡುವಿನಿಂದ, "ಈ ವಾರ ಎಷ್ಟವಾ?" ಎಂದು ಕೂಗುತ್ತಿದ್ದ. ಬೆರಳೆತ್ತಿ ತೋರಿಸುತ್ತಿದ್ದೆ. ಒಂದು ಕೈ ಸಾಲದ ವಾರಗಳೂ ಇದ್ದವು.

ಆದರೂ ಒಂದು ಕೊರತೆ ನನ್ನನ್ನು ಚುಚ್ಚುತ್ತಿತ್ತು. ನನ್ನ ತಪ್ಪುಗಳನ್ನು ಮಕ್ಕಳು ಹಬ್ಬದಂತೆ ಆಚರಿಸಿದರು. ತಮ್ಮವನ್ನು ಒಬ್ಬರೂ ಹೇಳಲಿಲ್ಲ. "ನಿಮ್ಮದು ಏನರ ಅದ ಏನು?" ಎಂದು ಪ್ರತಿ ಶನಿವಾರ ಕೇಳುತ್ತಿದ್ದೆ. ಎಲ್ಲರೂ ಬೆಂಚಿನ ಹಲಗೆ ನೋಡುತ್ತಿದ್ದರು. ಅವಳ ಪ್ರಶ್ನೆಗಳು ಮರಳಿದ್ದವು, ನಗು ಮರಳಿತ್ತು. ಆದರೆ ತನಗೆ ಖಚಿತವಿದ್ದರೆ ಮಾತ್ರ ಉತ್ತರ ಹೇಳುತ್ತಿದ್ದಳು. ನನ್ನ ಮುಂದೆ ತಪ್ಪಿ ನಿಲ್ಲುವುದು ಹೇಗಿರುತ್ತದೆಂದು ಅವಳಿಗೆ ಒಮ್ಮೆ ತೋರಿಸಿಬಿಟ್ಟಿದ್ದೆನಲ್ಲ. ನಾನು ಬೋರ್ಡಿನ ಮೇಲೆ ಎಷ್ಟು ಬರೆದರೇನು, ಆ ಹೆದರಿಕೆ ಅಷ್ಟಕ್ಕೆ ಅಳಿಯುವಂಥದ್ದಲ್ಲ ಎಂದು ಗೊತ್ತಾಗಿ ಸಂಕಟಪಡುತ್ತಿದ್ದೆ.

ಮಳೆ ಹಿಂದೆಗೆದು ಬಿಸಿಲು ಬಿದ್ದ ಒಂದು ಶನಿವಾರ. ಕೊನೆಯ ತಾಸು. ಬೋರ್ಡಿನ ಮೇಲೆ ನನ್ನವು ಮೂರು ತಪ್ಪು ಬರೆದು, ರೂಢಿಯಂತೆ, "ನಿಮ್ಮದು ಏನರ?" ಎಂದೆ. ಉತ್ತರಕ್ಕೆ ಕಾಯದೆ ಖಡು ಕೆಳಗಿಡುತ್ತಿದ್ದೆ. ಅವಳು ಎದ್ದಳು. ಪಾಟಿಚೀಲದ ಬಾಜು ಇಟ್ಟಿದ್ದ, ಬಾಯಿಗೆ ಮುತ್ತಲ ಎಲೆ ಕಟ್ಟಿದ್ದ ಒಂದು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮುಂದೆ ಬಂದಳು. ಎಲೆ ಬಿಚ್ಚಿದಳು. ಆ ನಾತಕ್ಕೆ ಮುಂದಿನ ಎರಡು ಬೆಂಚುಗಳು ಒಟ್ಟಿಗೆ ಹಿಂದೆ ಸರಿದವು.

"ಅಕ್ಕೋರ, ರಾಗೀನೂ ಭತ್ತದಂಗ ನೀರಾಗ ಮೊಳಿತದ ಅಂತ ನಾ ಇವರಿಗೆಲ್ಲಾ ಹೇಳಿದ್ನಿರಿ, ಪೈಜ ಕಟ್ಟಿ. ಎರಡೂ ನಮ್ಮ ಕಡೆ ಮಳಿಯಾಗ ಬೆಳೀತಾವಲ್ಲ, ಅದಕ್ಕ. ಮನ್ಯಾಗ ಇಟ್ಟು ನೋಡಿದ್ನಿರಿ. ಕೊಳತು ಹೋತ್ರಿ."

ಆ ಗ್ಲಾಸನ್ನು ಮನೆಯ ಹಿಂದಿನ ಹಳ್ಳಕ್ಕೆ ಸುರಿದಿದ್ದರೆ ಜಗತ್ತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಅದನ್ನು ಜಾಂಬೋಟಿ ರಸ್ತೆಯುದ್ದಕ್ಕೂ ಒಂದು ಹನಿ ಚೆಲ್ಲದಂತೆ ಹೊತ್ತು ತಂದಿದ್ದಳು. ತರಗತಿಯೆಲ್ಲ ನನ್ನ ಮುಖ ನೋಡುತ್ತಿತ್ತು. ನಾನು ಏನು ಹೇಳುತ್ತೇನೋ ಎಂದು. ನಾನು ಖಡು ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಗ್ಲಾಸನ್ನು ನನ್ನ ಮೇಜಿನ ಮೇಲಿಟ್ಟು, ನನ್ನ ಮೂರು ತಪ್ಪುಗಳ ಕೆಳಗೆ ದುಂಡಗಿನ ಅಕ್ಷರದಲ್ಲಿ 'ರಾಗಿ' ಎಂದು ಬರೆದಳು. ಹಿಂದೆ ಸರಿದು ತಾನು ಬರೆದದ್ದನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಹಲ್ಲೆಲ್ಲ ಕಾಣುವಂತೆ ನಕ್ಕಳು.

"ಅಕ್ಕೋರ, ಜಾಗಾ ಬಿಡ್ರಿ. ಇನ್ನೊಂದು ಐತ್ರಿ."